ಹಿಂದಿನ ಬ್ರೇಕು ಹೊರುವ ಭಾರ

ಸೋಯಾ ರಾಶಿಯ ಕಾಲ ಬಂತೆಂದರೆ ಬೀದರಿನ ಗಾಂಧಿಗಂಜಿನ ಅಡತ್ ಅಂಗಡಿಗಳ ಮುಂದೆ ಪಿಕಪ್ ಗಾಡಿಗಳ ಸಾಲು ಬೆಳೆಯುತ್ತದೆ. ಔರಾದ್ ಪಟ್ಟಣಕ್ಕೆ ರೈಲಿಲ್ಲ. ಭಾಲ್ಕಿಗೆ ಇದೆ, ಆದರೆ ಹತ್ತಿಪ್ಪತ್ತು ಚೀಲ ಉದ್ದು, ಹೆಸರು ಮಾರಬೇಕಾದ ರೈತನಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ಹೊಲದ ಬದುವಿನಿಂದ ಗಂಜಿನ ಕಟ್ಟೆಯವರೆಗೆ ಮಾಲು ತಲುಪಿಸುವುದು ಒಂದು, ಒಂದೂವರೆ ಟನ್ ಹೊರುವ ಈ ಗಾಡಿಗಳೇ. ಹಿಂತಿರುಗುವಾಗ ಗೊಬ್ಬರ, ಸಿಮೆಂಟು, ಕಬ್ಬಿಣದ ಸಲಾಕೆ, ಕೆಲವೊಮ್ಮೆ ಜೋಡೆತ್ತು. ಇಂಥ ದುಡಿಮೆಯ ಗಾಡಿಗೆ ಏನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬುದು ಗ್ಯಾರೇಜಿನ ಮಾತಷ್ಟೇ ಅಲ್ಲ, ಆ ರಸ್ತೆಯಲ್ಲಿ ಸೈಕಲ್ ತುಳಿಯುವ ಹುಡುಗನಿಗೂ ಸೇರಿದ ವಿಚಾರ. ಚಿಕ್ಕ ಚಕ್ರ ಕೂರಿಸಲು ಹಿಂದಿನ ಡಿಸ್ಕ್ ಬ್ರೇಕು ಅಡ್ಡ ಬಂದರೆ, ಆ ಬ್ರೇಕನ್ನೇ ತೆಗೆದು ಸಣ್ಣದನ್ನು ಹಾಕುವುದು ಪಿಕಪ್ ಪ್ರಿಯರಲ್ಲಿ ಚಾಲ್ತಿಯಲ್ಲಿರುವ ಒಂದು ಉಪಾಯ. ಭಾರ ಹೊರುವ ಗಾಡಿಯಲ್ಲಿ ಇದು ತಲೆಕೆಳಗಾದ ಲೆಕ್ಕ ಎಂಬುದು ನನ್ನ ವಾದ. ಬ್ರೇಕು ಒಪ್ಪುವ ಚಕ್ರವನ್ನು ಹುಡುಕಬೇಕು. ಚಕ್ರ ಒಪ್ಪುವ ಬ್ರೇಕನ್ನು ಹುಡುಕಲು ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಇಲ್ಲಿ ಚಿಕ್ಕ ಚಕ್ರ ಎಂದರೆ ಏನು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಟೈರಿನ ಹೊರಗಿನ ಎತ್ತರ ಒಂದು, ಒಳಗಿನ ಕಬ್ಬಿಣದ ರಿಮ್ಮಿನ ಅಳತೆ ಇನ್ನೊಂದು. ಬ್ರೇಕಿಗೆ ತಾಗುವುದು ರಿಮ್. 16 ಅಂಗುಲದ ರಿಮ್ ಎಂದರೆ 406 ಮಿ.ಮೀ., 15 ಅಂಗುಲದ್ದು 381 ಮಿ.ಮೀ. ಇದು ಟೈರಿನ ಅಂಚು ಕೂರುವ ಜಾಗದ ಅಳತೆ. ಒಳಗಡೆ ರಿಮ್ಮಿನ ನಡು ಇನ್ನೂ ತಗ್ಗಿರುತ್ತದೆ. ಆ ತಗ್ಗಿನೊಳಗೆ ಡಿಸ್ಕ್ ತಿರುಗಬೇಕು, ಡಿಸ್ಕಿನ ಅಂಚನ್ನು ತಬ್ಬಿಕೊಂಡು ಕೂತ ಕ್ಯಾಲಿಪರಿನ ಬೆನ್ನಿಗೂ ಜಾಗ ಬೇಕು, ನಡುವೆ ಒಂದು ಕಲ್ಲಿನ ಚೂರು ಸಿಕ್ಕರೂ ಉಜ್ಜದಷ್ಟು ಅಂತರ ಉಳಿಯಬೇಕು. ರಿಮ್ ಚಿಕ್ಕದು ಮಾಡಿದರೆ ಮೊದಲು ಕಳೆದುಹೋಗುವುದು ಈ ಅಂತರ. ಹಾಗಿದ್ದೂ ಚಿಕ್ಕ ರಿಮ್ ಬಯಸುವವರಿಗೆ ಕಾರಣಗಳಿವೆ. ಹೊರ ಎತ್ತರ ಅಷ್ಟೇ ಇಟ್ಟು ರಿಮ್ ಚಿಕ್ಕದು ಮಾಡಿದರೆ ಟೈರಿನ ಪಕ್ಕೆ ದಪ್ಪವಾಗುತ್ತದೆ, ಗುಂಡಿಯ ಪೆಟ್ಟು ಮೆತ್ತಗಾಗುತ್ತದೆ, ರಿಮ್ ಸೊಟ್ಟಗಾಗುವುದು ತಪ್ಪುತ್ತದೆ. ಔರಾದಿನ ಒಳಹಳ್ಳಿಗಳ ರಸ್ತೆ ಬಲ್ಲವರು ಇದನ್ನು ಶೋಕಿ ಎಂದು ತಳ್ಳಿಹಾಕಲಾರರು.

ನಮ್ಮ ರಸ್ತೆಯ ಬಹುಪಾಲು ಪಿಕಪ್‌ಗಳ ಹಿಂದಿನ ಚಕ್ರದಲ್ಲಿ ಡಿಸ್ಕೇ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ಅದು ನಿಜ. ಮಹೀಂದ್ರ ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್, 2022ರಲ್ಲಿ ಭಾರತಕ್ಕೆ ಬಂದ ಟೊಯೊಟ ಹೈಲಕ್ಸ್ ಎಲ್ಲದರಲ್ಲೂ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮಲ್ಲಿ ಪ್ರಶ್ನೆ ಎರಡು ಹಂತದಲ್ಲಿ ಬರುತ್ತದೆ. ಡ್ರಮ್ ಹಳೆಯದು ಎಂಬ ನಂಬಿಕೆಯಿಂದ ಹಿಂದೆಯೂ ಡಿಸ್ಕ್ ಹಾಕಿಸುವ ಆಸೆ ಮೊದಲನೆಯದು. ಹಾಕಿಸಿದ ಮೇಲೆ ಹಳೆಯ 15 ಅಂಗುಲದ ರಿಮ್ ಕೂರದೆ, ಕೂರುವಷ್ಟು ಸಣ್ಣ ಡಿಸ್ಕ್ ಹುಡುಕುವುದು ಎರಡನೆಯದು. ಅಮೆರಿಕದಲ್ಲಿ ಕಂಪನಿಯೇ ಡಿಸ್ಕ್ ಕೊಟ್ಟ ಗಾಡಿಯಿಂದ ಹೊರಟು ಇದೇ ಜಾಗಕ್ಕೆ ಬರುತ್ತಾರೆ. ದಾರಿ ಬೇರೆಯಾದರೂ ಎದುರಾಗುವ ಪ್ರಶ್ನೆ ಒಂದೇ: ಹಿಂದಿನ ಬ್ರೇಕಿನ ಅಳತೆಯನ್ನು ನಿಗದಿ ಮಾಡಬೇಕಾದದ್ದು ಹೊರುವ ಭಾರವೋ, ರಿಮ್ಮಿನ ಹೊಟ್ಟೆಯೋ?

ಕಾರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಬ್ರೇಕು ಒತ್ತಿದಾಗ ತೂಕ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸವೆಲ್ಲ ಮುಂದಿನ ಚಕ್ರಗಳದ್ದೇ, ಹಿಂದಿನದು ಬರೀ ಜೊತೆಗಾರ ಎಂಬ ಮಾತು ಖಾಲಿ ಕಾರಿಗೆ ಬಹಳಮಟ್ಟಿಗೆ ಒಪ್ಪುತ್ತದೆ. ಪಿಕಪ್ಪಿಗೆ ಒಪ್ಪುವುದಿಲ್ಲ. ಒಂದು ಲೆಕ್ಕ ಹಾಕೋಣ. ಖಾಲಿ ಗಾಡಿ 1,700 ಕಿಲೊ ಇದೆ, ಅದರಲ್ಲಿ ಮುಂದಿನ ಅಚ್ಚಿನ ಮೇಲೆ 1,000, ಹಿಂದೆ 700 ಎಂದಿಟ್ಟುಕೊಳ್ಳಿ. 13 ಕ್ವಿಂಟಲ್ ತೊಗರಿ ಹೇರಿದರೆ ಮೊತ್ತ 3,000 ಆಗುತ್ತದೆ. ಹೇರಿದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಹಿಂದಿನ ಅಚ್ಚಿಗೇ ಬೀಳುವುದರಿಂದ ಮುಂದೆ 1,100, ಹಿಂದೆ 1,900. ಈಗ ಸ್ವಲ್ಪ ಗಟ್ಟಿಯಾಗಿ, ಗುರುತ್ವದ ಅರ್ಧದಷ್ಟು ವೇಗದಲ್ಲಿ ನಿಧಾನಗೊಳ್ಳುವಂತೆ ಬ್ರೇಕು ಒತ್ತಿದಿರಿ. ಅಚ್ಚುಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ ಖಾಲಿ ಇದ್ದಾಗ ಸುಮಾರು 200 ಕಿಲೊ, ತುಂಬಿದಾಗ ಸುಮಾರು 400 ಕಿಲೊ ಹಿಂದಿನಿಂದ ಮುಂದಕ್ಕೆ ದಾಟುತ್ತದೆ. ದಾಟಿದ ಮೇಲೂ ಹಿಂದಿನ ಚಕ್ರಗಳ ಮೇಲೆ ಉಳಿಯುವುದು ಖಾಲಿ ಗಾಡಿಯಲ್ಲಿ 500, ತುಂಬಿದ ಗಾಡಿಯಲ್ಲಿ 1,500. ಮೂರು ಪಟ್ಟು. ರಸ್ತೆಯನ್ನು ಹಿಡಿಯುವ ಶಕ್ತಿ ತೂಕದಿಂದಲೇ ಬರುವುದು. ಹಾಗಾಗಿ ತುಂಬಿದ ಪಿಕಪ್ಪನ್ನು ನಿಲ್ಲಿಸುವ ಕೆಲಸದಲ್ಲಿ ಅರ್ಧದಷ್ಟು ಹಿಂದಿನ ಬ್ರೇಕಿನಿಂದಲೇ ಆಗಬೇಕು. ಖಾಲಿ ಗಾಡಿಯಲ್ಲಿ ಪರೀಕ್ಷಿಸಿ ‘ಸಣ್ಣ ಡಿಸ್ಕ್ ಸಾಕು’ ಎನ್ನುವವರು ಈ ಮೂರು ಪಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಹೇರಿದ್ದು ಚೀಲವಾದರೆ ಅದು ಹಾಕಿದಲ್ಲೇ ಇರುತ್ತದೆ. ದೇವಣಿ ಎತ್ತಿನ ಜೋಡಿಯಾದರೆ, ಬ್ರೇಕು ಒತ್ತಿದ ಕ್ಷಣ ಹೆಜ್ಜೆ ಮುಂದಿಡುತ್ತದೆ, ಬಿಟ್ಟ ಕ್ಷಣ ಹಿಂದಿಡುತ್ತದೆ, ತೂಕದ ಲೆಕ್ಕವೂ ಅದರ ಜೊತೆಗೇ ಓಡಾಡುತ್ತದೆ.

ಇದಕ್ಕೆ ತಿಳಿದ ಮಿಸ್ತ್ರಿ ಕೊಡುವ ಉತ್ತರ ಗಟ್ಟಿಯಾಗಿಯೇ ಇದೆ. ಚಕ್ರ ಚಿಕ್ಕದಾದರೆ ನಿಲ್ಲಿಸಲು ಬೇಕಾಗುವ ತಿರುಚುಬಲವೂ ಕಡಿಮೆ, ಹಾಗಾಗಿ ಸಣ್ಣ ಡಿಸ್ಕಿನಿಂದ ಕಳೆದದ್ದು ಸಣ್ಣ ಚಕ್ರದಿಂದ ಮರಳಿ ಬರುತ್ತದೆ ಎಂಬುದು ಅವನ ವಾದ. ಈ ಭೌತಶಾಸ್ತ್ರ ಸರಿ. ಆದರೆ ಅದು ಅನ್ವಯಿಸುವುದು ಟೈರಿನ ಹೊರ ಎತ್ತರಕ್ಕೆ, ರಿಮ್ಮಿಗಲ್ಲ. 300 ಮಿ.ಮೀ. ಡಿಸ್ಕ್ ತೆಗೆದು 265 ಮಿ.ಮೀ.ನದ್ದು ಹಾಕಿದರೆ, ಪ್ಯಾಡು ಹಿಡಿಯುವ ಜಾಗ ನಡುವಿಗೆ ಹತ್ತಿರ ಸರಿದು ತಿರುಚುಬಲ ಶೇ 12ರಷ್ಟು ಇಳಿಯುತ್ತದೆ. ರಿಮ್ ಚಿಕ್ಕದು ಮಾಡಿ ಪಕ್ಕೆ ದಪ್ಪದ ಟೈರು ಹಾಕಿದವರಿಗೆ ಹೊರ ಎತ್ತರ ಮೊದಲಿನಷ್ಟೇ ಇರುವುದರಿಂದ ಈ ಶೇ 12ರಲ್ಲಿ ಒಂದು ಪೈಸೆಯೂ ಮರಳುವುದಿಲ್ಲ. ಹೊರ ಎತ್ತರವನ್ನೂ ಇಳಿಸಿದವರಿಗೆ ಸ್ವಲ್ಪ ಮರಳುತ್ತದೆ. 215/75 ಆರ್15 ಟೈರಿನ ಎತ್ತರ ಸುಮಾರು 703 ಮಿ.ಮೀ., 195/80 ಆರ್14ರದ್ದು ಸುಮಾರು 668. ವ್ಯತ್ಯಾಸ ಶೇ 5. ಕಳೆದದ್ದು ಹನ್ನೆರಡು, ಬಂದದ್ದು ಐದು. ಜೊತೆಗೆ ಗಾಡಿ ನೆಲಕ್ಕೆ ಒಂದೂಮುಕ್ಕಾಲು ಸೆಂಟಿಮೀಟರ್ ಹತ್ತಿರವಾಯಿತು, ಸ್ಪೀಡೋಮೀಟರಿನ ಮುಳ್ಳು ಇಲ್ಲದ ವೇಗವನ್ನು ತೋರಿಸತೊಡಗಿತು. ಕ್ಯಾಲಿಪರಿನ ಪಿಸ್ಟನ್ ದೊಡ್ಡದು ಹಾಕಿ ಬಲ ಸರಿದೂಗಿಸುತ್ತೇವೆ ಎಂದರೆ, ಅದನ್ನು ತುಂಬಲು ಹೆಚ್ಚು ಬ್ರೇಕ್ ಆಯಿಲ್ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದಾಗ ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ.

ಬಲದ ಲೆಕ್ಕವನ್ನು ಹೇಗೋ ಸರಿದೂಗಿಸಿದರೂ ಬಿಸಿಯ ಲೆಕ್ಕ ದಕ್ಕುವುದಿಲ್ಲ. ನನ್ನ ವಾದದ ನಿಜವಾದ ನೆಲೆ ಇದು. ಬ್ರೇಕು ಗಾಡಿಯ ಓಟವನ್ನು ಬಿಸಿಯನ್ನಾಗಿ ಮಾರ್ಪಡಿಸುವ ಯಂತ್ರ. ಆ ಬಿಸಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಗಾಳಿಗೆ ಬಿಡಲು ಅದಕ್ಕೆ ಕಬ್ಬಿಣದ ಮೈ ಬೇಕು. 265 ಮಿ.ಮೀ. ಡಿಸ್ಕಿನ ವಿಸ್ತೀರ್ಣ 300 ಮಿ.ಮೀ.ನದ್ದಕ್ಕಿಂತ ಶೇ 22ರಷ್ಟು ಕಡಿಮೆ. ದಪ್ಪ ಒಂದೇ ಆದರೆ ಕಬ್ಬಿಣವೂ ಅಷ್ಟೇ ಕಡಿಮೆ. 3,000 ಕಿಲೊ ಗಾಡಿಯನ್ನು ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 4.17 ಲಕ್ಷ ಜೂಲ್ ಶಕ್ತಿ ಬಿಸಿಯಾಗುತ್ತದೆ. ಕಡಿಮೆಯೆಂದು ಹಿಡಿದರೂ ಒಂದೊಂದು ಹಿಂದಿನ ಚಕ್ರಕ್ಕೆ ಅದರ ಐದನೇ ಒಂದು ಪಾಲು ಬರುತ್ತದೆ. 10 ಕಿಲೊ ಡಿಸ್ಕ್ ಆದರೆ ಒಂದು ಸಲಕ್ಕೆ ಸುಮಾರು 18 ಡಿಗ್ರಿ ಬಿಸಿ ಏರುತ್ತದೆ, 7.8 ಕಿಲೊದ್ದಾದರೆ 23 ಡಿಗ್ರಿ. ಐದು ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ ಬೀದರ್ ನಗರ ಜಂಬಿಟ್ಟಿಗೆಯ ಎತ್ತರದ ಬಯಲಿನ ಅಂಚಿನಲ್ಲಿದೆ. ಜನವಾಡದ ಕಡೆ ಹೊರಟು ಮಾಂಜ್ರಾ ದಾಟಿ ಔರಾದಿಗೆ ಹೋಗುವ ಸುಮಾರು 40 ಕಿ.ಮೀ. ದಾರಿಯಲ್ಲಿ ಆ ಬಯಲಿನಿಂದ ಕಣಿವೆಗೆ ಇಳಿಯಲೇಬೇಕು. 3,000 ಕಿಲೊ ತೂಕ 100 ಮೀಟರ್ ಕೆಳಗಿಳಿದರೆ ಹೊರಬರುವ ಶಕ್ತಿ 29 ಲಕ್ಷ ಜೂಲ್ ಮೀರುತ್ತದೆ. ಅಂದರೆ 60ರ ವೇಗದಿಂದ ಏಳು ಸಲ ಗಾಡಿ ನಿಲ್ಲಿಸಿದಷ್ಟು. ಗಾಳಿ, ಎಂಜಿನ್ನು ಇದರಲ್ಲಿ ಒಂದು ಪಾಲು ನುಂಗುತ್ತವೆ, ನಿಜ. ಗೇರು ತಗ್ಗಿಸದೆ, ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಲಕನಿದ್ದರೆ ಎಂಜಿನ್ನಿನ ಆ ನೆರವೂ ಇಲ್ಲ. ಏಳು ಸಲದ ಬಿಸಿ ಒಂದರ ಮೇಲೊಂದು ಕೂಡಿದರೆ ದೊಡ್ಡ ಡಿಸ್ಕ್ 127 ಡಿಗ್ರಿ ಏರುವಲ್ಲಿ ಸಣ್ಣದು 160 ದಾಟುತ್ತದೆ. ಅದು ಮೇ ತಿಂಗಳ ಬೀದರಿನ ಬಿಸಿಲಿನ ಮೇಲೆ ಏರುವ ಬಿಸಿ.

ಆ ಬಿಸಿ ಡಿಸ್ಕಿನಲ್ಲೇ ಉಳಿಯುವುದಿಲ್ಲ, ಪ್ಯಾಡಿನ ಮೂಲಕ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹರಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಯವರೆಗಾದರೂ ಕುದಿಯಬಾರದು ಎಂಬುದು ನಿಯಮ. ಆದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಡಾಟ್ 3ಕ್ಕೆ ಇರುವ ಕನಿಷ್ಠ ಮಿತಿ 140 ಡಿಗ್ರಿ. ಡಾಟ್ 4ರಲ್ಲಿ ಇವು 230 ಮತ್ತು 155. ಕುದಿದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬಲವನ್ನು ಮುಂದಕ್ಕೆ ಸಾಗಿಸುವುದಿಲ್ಲ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ಮಳೆಗಾಲ ಕಂಡರೂ ಆಯಿಲ್ ಬದಲಿಸದ ಗಾಡಿಯಲ್ಲಿ ಸಣ್ಣ ಡಿಸ್ಕ್ ಕೂರಿಸುವುದೆಂದರೆ, ಇರುವ ಚೂರು ಎಡೆಯನ್ನೂ ಎರಡೂ ಕಡೆಯಿಂದ ಕತ್ತರಿಸಿದ ಹಾಗೆ.

ಸಣ್ಣದಾದರೂ ಡಿಸ್ಕ್ ಡಿಸ್ಕೇ, ಡ್ರಮ್ಮಿಗಿಂತ ಮೇಲು ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಡಿಸ್ಕ್ ಬೇಗ ತಣಿಯುತ್ತದೆ, ನೀರಿಗೆ ಬಿದ್ದೆದ್ದರೂ ಬೇಗ ಒಣಗುತ್ತದೆ, ಪ್ಯಾಡ್ ಸವೆದದ್ದು ಕಣ್ಣಿಗೆ ಕಾಣುತ್ತದೆ. ಈ ಮೂರೂ ನಿಜವಾದ ಗುಣಗಳು. ಆದರೂ ದೊಡ್ಡ ಕಂಪನಿಗಳು ಪಿಕಪ್ಪಿನ ಹಿಂದೆ ಡ್ರಮ್ ಉಳಿಸಿಕೊಂಡದ್ದು ಬರೀ ಜುಗ್ಗತನದಿಂದಲ್ಲ. ಜನರಲ್ ಮೋಟರ್ಸ್ 1999ರ ಸಿಲ್ವರಾಡೊ ಪಿಕಪ್ಪಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೊಟ್ಟು, 2005ರ ಹೊತ್ತಿಗೆ ಅದರ ಹಗುರ ಮಾದರಿಗಳಲ್ಲಿ ಹಿಂದಿನ ಡ್ರಮ್ಮಿಗೇ ಮರಳಿತು. ಫೋಕ್ಸ್‌ವ್ಯಾಗನ್ 2020ರಲ್ಲಿ ಹೊರತಂದ ಐಡಿ.4 ಎಂಬ ವಿದ್ಯುತ್ ಕಾರಿಗೂ ಹಿಂದೆ ಡ್ರಮ್ಮನ್ನೇ ಇಟ್ಟಿತು. ಡ್ರಮ್ಮಿನ ಶೂ ತಿರುಗುವ ದಿಕ್ಕಿನಲ್ಲಿ ತಾನೇ ಒತ್ತಿಕೊಳ್ಳುವುದರಿಂದ ಕಡಿಮೆ ಒತ್ತಡಕ್ಕೆ ಹೆಚ್ಚು ಹಿಡಿತ ಸಿಗುತ್ತದೆ. ಹ್ಯಾಂಡ್‌ಬ್ರೇಕ್ ಅದರೊಳಗೇ ಅಡಗಿರುತ್ತದೆ. ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಹಮಾಲರು ಮಾಲು ಇಳಿಸುವಾಗ ಆಸರೆ ಅದೊಂದೇ. ಡಿಸ್ಕಿಗೆ ಬದಲಿಸಿದವರು ಹ್ಯಾಂಡ್‌ಬ್ರೇಕಿಗೆ ಬೇರೆಯೇ ಏರ್ಪಾಡು ಮಾಡಬೇಕು, ಅಗ್ಗದ ಕೆಲಸಗಳಲ್ಲಿ ಮೊದಲು ಬಿಟ್ಟುಹೋಗುವ ಭಾಗ ಇದೇ. ಭಾಲ್ಕಿ, ಔರಾದಿನ ಎರೆಮಣ್ಣಿನ ವಿಷಯ ಇನ್ನೂ ಬೇರೆ. ರಾಶಿಯ ಕಾಲದಲ್ಲಿ ಮಳೆ ಬಿದ್ದರೆ ಆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಒಣಗಿ ಕಲ್ಲಾಗುತ್ತದೆ. ಚಿಕ್ಕ ರಿಮ್ಮಿನೊಳಗೆ ಇಕ್ಕಟ್ಟಾಗಿ ಕೂತ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಅದು ಸಿಕ್ಕಿಕೊಂಡರೆ ಉಜ್ಜಿ ಉಜ್ಜಿ ರಿಮ್ಮನ್ನೇ ತಿನ್ನುತ್ತದೆ.

ಇನ್ನು ದುಡ್ಡಿನ ವಾದ. ಚಿಕ್ಕ ಟೈರು ಅಗ್ಗ, ಡಾಲಾ ತಗ್ಗಿದರೆ ಚೀಲ ಹೇರುವ ಹೆಗಲಿಗೆ ಹಗುರ. ಎರಡನೆಯ ಮಾತನ್ನು ನಾನು ಗೌರವಿಸುತ್ತೇನೆ. ಕ್ವಿಂಟಲ್ ಲೆಕ್ಕದಲ್ಲಿ ಮೈಮುರಿಯುವ ಹಮಾಲನಿಗೆ ಒಂದು ಅಂಗುಲವೂ ಒಂದು ಅಂಗುಲವೇ. ಆದರೆ ಮೇಲಿನ ಲೆಕ್ಕದಲ್ಲಿ ಇಳಿದದ್ದು ಪೂರ್ತಿ ಅಂಗುಲವೂ ಅಲ್ಲ. ಹೇರುವ ಕಟ್ಟೆಯನ್ನು ಒಂದು ಇಟ್ಟಿಗೆ ಎತ್ತರಿಸಿದರೆ ಅದಕ್ಕಿಂತ ಹೆಚ್ಚು ದಕ್ಕುತ್ತದೆ. ಟೈರಿನ ಅಗ್ಗದ ಮಾತಿಗೆ ಉತ್ತರ ಟೈರಿನ ಪಕ್ಕೆಯ ಮೇಲೇ ಅಚ್ಚಾಗಿದೆ. ಅಳತೆಯ ಪಕ್ಕದಲ್ಲಿರುವ ಭಾರಸೂಚಿ ಅಂಕಿ 95 ಆದರೆ ಆ ಟೈರು ಹೊರಬಲ್ಲದ್ದು 690 ಕಿಲೊ, 100 ಆದರೆ 800, 106 ಆದರೆ 950. ಹಿಂದಿನ ಅಚ್ಚಿನ ಮೇಲೆ 1,900 ಕಿಲೊ ಬೀಳುವ ಗಾಡಿಗೆ 106ಕ್ಕಿಂತ ಕೆಳಗಿನ ಟೈರು ಹಾಕಿದರೆ ಅದು ಉಳಿತಾಯವಲ್ಲ, ಸಾಲ. ಕಾರಿಗೆಂದು ಮಾಡಿದ ಚಿಕ್ಕ ಟೈರುಗಳಲ್ಲಿ ಈ ಅಂಕಿ ಸಿಗುವುದು ಕಷ್ಟ.

‘ಇಷ್ಟು ವರ್ಷ ಹೀಗೇ ಓಡಿಸಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಅದರಲ್ಲಿ ಒಂದು ಸತ್ಯವಿದೆ. ದಿನನಿತ್ಯದ ಓಟದಲ್ಲಿ ಬ್ರೇಕಿನ ಶಕ್ತಿಯ ಸ್ವಲ್ಪ ಭಾಗವಷ್ಟೇ ಬಳಕೆಯಾಗುತ್ತದೆ. ಉಳಿದದ್ದು ಇರುವುದು ಗಾಡಿ ತುಂಬಿ, ರಸ್ತೆ ಒದ್ದೆಯಾಗಿ, ತಿರುವಿನಾಚೆ ಕಬ್ಬಿನ ಟ್ರ್ಯಾಕ್ಟರೊಂದು ದೀಪವಿಲ್ಲದೆ ನಿಂತಿರುವ ಸಂದರ್ಭಕ್ಕೆ. ಹಳ್ಳಿಖೇಡದ ಕಡೆಗೋ ಜನವಾಡದ ಕಡೆಗೋ ಕಬ್ಬು ನುರಿಸುವ ಹಂಗಾಮಿನ ರಾತ್ರಿ ಹೋದವರಿಗೆ ಇದು ಊಹೆಯ ಮಾತಲ್ಲ ಎಂದು ಗೊತ್ತು. ವರ್ಷಗಟ್ಟಲೆ ಏನೂ ಆಗದಿರುವುದು ಆ ಉಳಿಕೆ ಶಕ್ತಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ, ಅದು ಬೇಕಾದ ಸಂದರ್ಭ ಇನ್ನೂ ಬಂದಿಲ್ಲ ಎಂಬುದಕ್ಕೆ ಸಾಕ್ಷಿ.

ಡಿಸ್ಕ್ ಹಾಕದ, ಚಕ್ರ ಬದಲಿಸದ ಗಾಡಿಗಳಲ್ಲೂ ಹಿಂದಿನ ಬ್ರೇಕು ಯಾರಿಗೂ ತಿಳಿಯದಂತೆ ಬದಲಾಗುವ ಒಂದು ಬಗೆಯಿದೆ, ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಅದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿನ ಬಳಿ ಭಾರ ನೋಡಿ ಬ್ರೇಕಿನ ಒತ್ತಡ ಹಂಚುವ ಒಂದು ವಾಲ್ವ್ ಇರುತ್ತದೆ. ಅದಕ್ಕೆ ತೂಕ ಗೊತ್ತಾಗುವುದು ಒಂದೇ ಗುರುತಿನಿಂದ: ಚಾಸಿಗೂ ಅಚ್ಚಿಗೂ ನಡುವಿನ ಅಂತರ. ಭಾರ ಬಿದ್ದು ಗಾಡಿ ತಗ್ಗಿದರೆ ಸಣ್ಣ ಸಲಾಕೆಯೊಂದು ವಾಲ್ವನ್ನು ತೆರೆದು ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಎದ್ದು ನಿಂತಿದ್ದರೆ ಖಾಲಿ ಎಂದು ತಿಳಿದು, ಹಿಂದಿನ ಚಕ್ರ ಜಾಮ್ ಆಗಿ ಜಾರದಿರಲೆಂದು ಒತ್ತಡ ತಡೆಯುತ್ತದೆ. ಹೆಚ್ಚು ಹೇರಲೆಂದು ಕಮಾನಿಗೆ ಒಂದೆರಡು ಪಟ್ಟಿ ಸೇರಿಸಿದ ಕೂಡಲೇ ಈ ಲೆಕ್ಕ ತಪ್ಪುತ್ತದೆ. ಒಂದೂವರೆ ಟನ್ ಹೇರಿದರೂ ಗಾಡಿ ತಗ್ಗುವುದಿಲ್ಲ, ವಾಲ್ವಿಗೆ ಅದು ಖಾಲಿ ಗಾಡಿ. ಭಾರ ಅತಿ ಹೆಚ್ಚಿದ್ದಾಗಲೇ ಹಿಂದಿನ ಬ್ರೇಕಿಗೆ ಒತ್ತಡ ಅತಿ ಕಡಿಮೆ. ಗಾಡಿಯ ಎತ್ತರವನ್ನೋ ಹಿಂದಿನ ಬ್ರೇಕನ್ನೋ ಮುಟ್ಟುವ ಪ್ರತಿಯೊಂದು ಬದಲಾವಣೆಯೂ ಈ ವಾಲ್ವಿನ ಹೊಂದಾಣಿಕೆಯನ್ನು ಮತ್ತೆ ಮಾಡಬೇಕೆಂದು ಕೇಳುತ್ತದೆ. ಡ್ರಮ್ಮಿಗೆ ಲೆಕ್ಕ ಹಾಕಿ ಇಟ್ಟ ಒತ್ತಡದಲ್ಲಿ ಡಿಸ್ಕ್ ಸರಿಯಾಗಿ ಹಿಡಿಯುವುದೂ ಇಲ್ಲ, ಏಕೆಂದರೆ ಅದಕ್ಕೆ ತಾನೇ ಒತ್ತಿಕೊಳ್ಳುವ ಗುಣವಿಲ್ಲ. ಹೊಸ ಡಿಸ್ಕಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಈ ವಾಲ್ವಿನ ಸಲಾಕೆ, ವೀಲ್ ಸಿಲಿಂಡರಿನ ರಬ್ಬರು, ಹೊಸ ಲೈನರ್, ಲೇಥಿಗೆ ಹಾಕಿದ ಡ್ರಮ್ ಮತ್ತು ಹೊಸ ಆಯಿಲ್‌ಗೆ ಹೋದರೆ ಬೀದರಿನ ಪಿಕಪ್ಪಿಗೆ ಆಗುವ ಲಾಭ ಹೆಚ್ಚು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕಾನೂನು ಬಡ ಮಾಲೀಕನ ಜಾಣ್ಮೆಯನ್ನು ಹತ್ತಿಕ್ಕುತ್ತದೆ ಎಂದು ದೂರುವವರ ಮಾತನ್ನು ಹಲವು ವಿಷಯಗಳಲ್ಲಿ ನಾನು ಒಪ್ಪಬಲ್ಲೆ. ಡಾಲಾಕ್ಕೆ ಜಾಲರಿ ಕಟ್ಟಿಸುವುದು, ತಾಡಪತ್ರಿಗೆ ಕಮಾನು ಹಾಕಿಸುವುದು ಅವನ ದುಡಿಮೆಯ ಅಗತ್ಯ. ಬ್ರೇಕು ಆ ಸಾಲಿಗೆ ಸೇರದು, ಅದು ಕೆಟ್ಟರೆ ಪೆಟ್ಟು ತಿನ್ನುವವರು ಬದಲಾವಣೆಗೆ ಒಪ್ಪಿಗೆ ಕೊಟ್ಟವರಲ್ಲ. ಸರಕು ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ ಇದೆ. ಬೀದರಿನ ಕೆಎ-38, ಭಾಲ್ಕಿಯ ಕೆಎ-39 ಗಾಡಿಗಳು ಆ ಪರೀಕ್ಷೆಗೆ ಖಾಲಿಯಾಗಿ ಬಂದರೆ, ಮೇಲೆ ಹೇಳಿದ ವಾಲ್ವಿನ ದೋಷ ಕಾಣಿಸಲು ಸಾಧ್ಯವೇ ಇಲ್ಲ. ಕಮಾನು ಪಟ್ಟಿಗಳನ್ನು ಎಣಿಸಿ, ವಾಲ್ವಿನ ಸಲಾಕೆಯನ್ನು ಕೈಯಿಂದ ಅಲುಗಾಡಿಸಿ ನೋಡುವುದನ್ನು ಪರೀಕ್ಷೆಯಲ್ಲಿ ಸೇರಿಸಲು ದೊಡ್ಡ ಯಂತ್ರ ಬೇಕಿಲ್ಲ.

ಹಿಂದಿನ ಡಿಸ್ಕ್ ಬದಲಿಸಿ ಚಿಕ್ಕ ಚಕ್ರ ಹಾಕುವುದು ಎಂದೆಂದಿಗೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದೇ ಕಂಪನಿ, ಅಷ್ಟೇ ಒಟ್ಟು ತೂಕಕ್ಕೆ ಒಪ್ಪಿಗೆ ಪಡೆದ ಇನ್ನೊಂದು ಮಾದರಿಗೆ ಸಣ್ಣ ಡಿಸ್ಕನ್ನೂ ಚಿಕ್ಕ ರಿಮ್ಮನ್ನೂ ಕೊಟ್ಟಿದ್ದರೆ, ಆ ಸೆಟ್ ಇಡಿಯಾಗಿ ಬರಬಹುದು. ಡಿಸ್ಕ್, ಕ್ಯಾಲಿಪರ್, ಅದನ್ನು ಹಿಡಿಯುವ ಬ್ರಾಕೆಟ್, ಹ್ಯಾಂಡ್‌ಬ್ರೇಕಿನ ಭಾಗ, ವಾಲ್ವ್, ಚಕ್ರ ಎಲ್ಲವೂ ಜೊತೆಗೇ ಬರಬೇಕು, ಸಾರಿಗೆ ಕಚೇರಿಯ ಒಪ್ಪಿಗೆಯೂ ಬೇಕು. ಒಂದು ಗಾಡಿಯ ಡಿಸ್ಕಿಗೆ ಇನ್ನೊಂದರ ಕ್ಯಾಲಿಪರ್, ಕೂರದಿದ್ದಲ್ಲಿ ಒಂದು ಸ್ಪೇಸರ್, ಕ್ಯಾಲಿಪರಿನ ಬೆನ್ನಿಗೆ ಸ್ವಲ್ಪ ಗ್ರೈಂಡರ್, ಈ ಬಗೆಯ ಜೋಡಣೆ ಅದಲ್ಲ. ಸರಿಯಾಗಿ ಜೋಡಿಸಿದ್ದನ್ನೂ ನಂಬುವ ಮೊದಲು ಅಳೆಯಬೇಕು. ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯದಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಊರಿಗೆ ಉಪಯೋಗವಾಗುವ ಪ್ರಾಜೆಕ್ಟು ಸಿಗುವುದು ಕಷ್ಟ. ಒಪ್ಪಿಗೆಯಿರುವ ಪೂರ್ತಿ ತೂಕ ಹೇರಿ, ಜನಸಂಚಾರವಿಲ್ಲದ ಜಾಗದಲ್ಲಿ 60ರ ವೇಗದಿಂದ ಬಿಡುವಿಲ್ಲದೆ ಹತ್ತು ಸಲ ನಿಲ್ಲಿಸಬೇಕು. ಮೊದಲ ಸಲ ನಿಲ್ಲಲು ಹಿಡಿದ ದೂರಕ್ಕೂ ಹತ್ತನೆಯ ಸಲದ್ದಕ್ಕೂ ಎಷ್ಟು ವ್ಯತ್ಯಾಸ, ಡಿಸ್ಕಿನ ಬಿಸಿ ಎಷ್ಟಕ್ಕೆ ಏರಿತು, ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಜಾಮ್ ಆಯಿತೇ ಎಂಬ ಮೂರನ್ನು ಬರೆದಿಡಬೇಕು. ಆಮೇಲೆ ಅದೇ ಪರೀಕ್ಷೆಯನ್ನು ಖಾಲಿ ಗಾಡಿಯಲ್ಲಿ, ಒದ್ದೆ ನೆಲದ ಮೇಲೆ ಮತ್ತೆ ಮಾಡಬೇಕು. ಹಳೆಯ ಬ್ರೇಕಿನ ಅಂಕಿಗಳಿಗೆ ಹೊಸದರ ಅಂಕಿಗಳು ಸಮನಾಗಿ ನಿಂತರೆ ಆ ಗಾಡಿಯ ಮಾಲೀಕ ತನಗೆ ಬೇಕಾದ ಚಕ್ರ ಹಾಕಿಕೊಳ್ಳಲಿ, ನನ್ನ ಆಕ್ಷೇಪವಿಲ್ಲ.